ಕೊಡಗಿನಿಂದಲೇ ಎಬಿಎ ಪರೀಕ್ಷೆಗೆ ತಯಾರಿ: ಅರ್ಜಿಯಿಂದ ಪರೀಕ್ಷೆಯ ದಿನದವರೆಗೆ

ಕೊಡಗಿನಲ್ಲಿ ಎಬಿಎ ಪರೀಕ್ಷೆಯ ಬಗ್ಗೆ ವಿಚಾರಿಸುವವರು ಹೆಚ್ಚಾಗಿ ಮೂರು ಬಗೆಯವರು. ವಿಶೇಷ ಶಾಲೆಯ ಟೀಚರ್‌ಗಳು, ಆಟಿಸಂ ಇರುವ ಮಗುವಿನ ಅಪ್ಪ ಅಮ್ಮ, ಮತ್ತೆ ಸೈಕಾಲಜಿ ಡಿಗ್ರಿ ಮುಗಿಸಿ ಊರಿಗೆ ವಾಪಸ್ ಬಂದ ಹುಡುಗ ಹುಡುಗಿಯರು. ಎಲ್ಲರಿಗೂ ಮೊದಲ ತೊಡಕು ಒಂದೇ. ಯಾವ ಪರೀಕ್ಷೆ, ಯಾರು ನಡೆಸುತ್ತಾರೆ, ವಿರಾಜಪೇಟೆಯಲ್ಲೋ ಸೋಮವಾರಪೇಟೆಯಲ್ಲೋ ಕುಳಿತು ಬರೆಯಬಹುದಾ ಅನ್ನುವುದೇ ಗೊತ್ತಾಗುವುದಿಲ್ಲ. ಕೋರ್ಸಿಗೆ ಹಣ ಕಟ್ಟಿದ ಮೇಲೆ ಗೊತ್ತಾದರೆ ಪ್ರಯೋಜನ ಇಲ್ಲ, ಅಲ್ವಾ?

ಎಬಿಎ ಅಂದರೆ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್. ಒಂದು ವರ್ತನೆಯ ಮೊದಲು ಏನಾಯಿತು, ನಂತರ ಏನಾಯಿತು ಅಂತ ಅಳತೆ ಇಟ್ಟು ನೋಡಿ, ಅವುಗಳನ್ನು ಬದಲಿಸಿ ಮಗುವಿಗೆ ಬದುಕಿಗೆ ಬೇಕಾದ ಕೌಶಲ ಕಲಿಸುವ ವಿದ್ಯೆ. ಈ ಬರಹ ಟೆಕ್ನಿಷಿಯನ್ ಮಟ್ಟದ ಪರೀಕ್ಷೆ ಬರೆಯುವವರಿಗಾಗಿ, ಅಂದರೆ ಮೇಲ್ವಿಚಾರಕರ ಯೋಜನೆಯಂತೆ ಮಗುವಿನ ಜೊತೆ ನೇರವಾಗಿ ಕೆಲಸ ಮಾಡುವವರಿಗಾಗಿ. ಮೇಲಿನ ಮಟ್ಟಕ್ಕೆ ಹೋಗುವವರಿಗೂ ಬುನಾದಿ ಇದೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಪರೀಕ್ಷೆಯಲ್ಲಿ ವ್ಯಾಖ್ಯೆ ಬಾಯಿಪಾಠ ಮಾಡಿದರೆ ಸಾಲದು. ಪ್ರಶ್ನೆಗಳು ಒಂದು ಸನ್ನಿವೇಶ ಕೊಟ್ಟು, ಇಲ್ಲಿ ನಡೆದದ್ದು ಯಾವುದು ಅಂತ ಕೇಳುತ್ತವೆ. ಪುಸ್ತಕದ ಉದಾಹರಣೆಗಳೆಲ್ಲ ಅಮೆರಿಕದ ಮನೆ, ಅಲ್ಲಿನ ಶಾಲೆಯವು. ಅವನ್ನೇ ಉರುಹೊಡೆದರೆ ಪ್ರಶ್ನೆಯಲ್ಲಿ ಸನ್ನಿವೇಶ ಸ್ವಲ್ಪ ಬದಲಾದರೂ ತಡವರಿಸುತ್ತೇವೆ. ನಮ್ಮ ಬಸ್ಸು, ನಮ್ಮ ತೋಟ, ನಮ್ಮ ಅಡುಗೆಮನೆಯಲ್ಲಿ ದಿನಾ ಕಾಣುವ ವರ್ತನೆಗೆ ಹೆಸರಿಡಲು ಕಲಿತರೆ ಯಾವ ಸನ್ನಿವೇಶ ಬಂದರೂ ಕೈಗೆ ಸಿಗುತ್ತದೆ.

ಮೊದಲು ಪರೀಕ್ಷೆ ಆರಿಸಿಕೊಳ್ಳಿ

ಈ ಕ್ಷೇತ್ರದಲ್ಲಿ ಹೆಚ್ಚು ಹೆಸರು ಕೇಳುವುದು ಅಮೆರಿಕದ ಬಿಎಸಿಬಿಯದ್ದು, ಅಂದರೆ ಬಿಹೇವಿಯರ್ ಅನಲಿಸ್ಟ್ ಸರ್ಟಿಫಿಕೇಶನ್ ಬೋರ್ಡಿನದ್ದು. 1998ರಲ್ಲಿ ಶುರುವಾದ ಸಂಸ್ಥೆ ಅದು. ಆರ್‌ಬಿಟಿ (ಟೆಕ್ನಿಷಿಯನ್ ಮಟ್ಟ), ಬಿಸಿಬಿಎ (ಯೋಜನೆ ಹಾಕುವ ಅನಲಿಸ್ಟ್ ಮಟ್ಟ) ಅನ್ನುವ ಸರ್ಟಿಫಿಕೇಟ್‌ಗಳು ಅದರವು. ಆದರೆ 2023ರ ಜನವರಿ 1ರಿಂದ ಭಾರತದಲ್ಲಿ ವಾಸ ಇರುವವರ ಹೊಸ ಅರ್ಜಿಗಳನ್ನು ಅದು ತೆಗೆದುಕೊಳ್ಳುತ್ತಿಲ್ಲ. "ಆರ್‌ಬಿಟಿ 40 ಗಂಟೆ ಕೋರ್ಸ್" ಅನ್ನುವ ಜಾಹೀರಾತು ಈಗಲೂ ನಿಮ್ಮ ಫೋನಿಗೆ ಬರಬಹುದು. ಪಾಠ ಕೇಳಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಕೊಡಗಿನಲ್ಲೇ ಇದ್ದು ಆರ್‌ಬಿಟಿ ಆಗಲು ಆಗುವುದಿಲ್ಲ. ಕೋರ್ಸ್ ಮಾರುವವರು ಇದನ್ನು ತಾವಾಗಿ ಹೇಳದಿದ್ದರೆ ನೀವೇ ಬಾಯಿಬಿಟ್ಟು ಕೇಳಿ.

ಇಲ್ಲಿಂದಲೇ ಅರ್ಜಿ ಹಾಕಬಹುದಾದ ಎರಡು ಸಂಸ್ಥೆಗಳಿವೆ. ಒಂದು ಕ್ಯೂಎಬಿಎ (ಕ್ವಾಲಿಫೈಡ್ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್ ಕ್ರೆಡೆನ್ಶಿಯಲಿಂಗ್ ಬೋರ್ಡ್). ಅದರ ಟೆಕ್ನಿಷಿಯನ್ ಸರ್ಟಿಫಿಕೇಟಿನ ಹೆಸರು ಎಬಿಎಟಿ, ಮೇಲಿನ ಮಟ್ಟದ್ದು ಕ್ಯೂಬಿಎ. ಇನ್ನೊಂದು ಐಬಿಎಒ (ಇಂಟರ್‌ನ್ಯಾಷನಲ್ ಬಿಹೇವಿಯರ್ ಅನಾಲಿಸಿಸ್ ಆರ್ಗನೈಸೇಷನ್). ಅದರಲ್ಲಿ ಐಬಿಟಿ ಟೆಕ್ನಿಷಿಯನ್ ಮಟ್ಟದ್ದು, ಐಬಿಎ ಅನಲಿಸ್ಟ್ ಮಟ್ಟದ್ದು. ಟೆಕ್ನಿಷಿಯನ್ ಮಟ್ಟಕ್ಕೆ ಎರಡೂ ಕಡೆ 40 ಗಂಟೆಯ ತರಬೇತಿ ಬೇಕು. ಎಬಿಎಟಿಗೆ ಇದರ ಜೊತೆ 15 ಗಂಟೆ ಮೇಲ್ವಿಚಾರಕರ ಕೈಕೆಳಗಿನ ಕೆಲಸ ಬೇಕು. ಐಬಿಟಿಗೆ ಕೌಶಲ ಪರಿಶೀಲನೆ ಇದೆ, ಅಂದರೆ ನೀವು ಮಾಡಿ ತೋರಿಸಬೇಕು, ಮೇಲ್ವಿಚಾರಕರು ನೋಡಿ ಸಹಿ ಹಾಕಬೇಕು. ಅನಲಿಸ್ಟ್ ಮಟ್ಟಕ್ಕೆ ಪದವಿ, ನೂರಾರು ಗಂಟೆಯ ಪಾಠ, ಅದಕ್ಕಿಂತ ಬಹಳ ಜಾಸ್ತಿ ಗಂಟೆಗಳ ಕೆಲಸ ಬೇಕು. ಅದು ವರ್ಷಗಳ ದಾರಿ. ನಿಯಮಗಳು ಆಗಾಗ ಬದಲಾಗುತ್ತವೆ. ಹಣ ಕಟ್ಟುವ ದಿನವೇ ಆಯಾ ಸಂಸ್ಥೆಯ ಕೈಪಿಡಿಯನ್ನು ಇಳಿಸಿಕೊಂಡು ಓದಿ.

ಯಾವುದು ಒಳ್ಳೆಯದು ಅಂತ ಕೇಳಿದರೆ, ನಿಮಗೆ ಒಳ್ಳೆಯ ಮೇಲ್ವಿಚಾರಕರು ಯಾವುದರಲ್ಲಿ ಸಿಗುತ್ತಾರೋ ಅದು. ಸರ್ಟಿಫಿಕೇಟಿನ ಹೆಸರಿಗಿಂತ ಕಲಿಸುವವರು ಮುಖ್ಯ.

ಇದರ ಜೊತೆ ನಮ್ಮ ದೇಶದ ಕಾನೂನನ್ನೂ ತಿಳಿದಿರಬೇಕು. ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್ ಆಗಿ ಕೆಲಸ ಮಾಡಲು 1992ರ ಕಾಯ್ದೆಯ ಪ್ರಕಾರ ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಬೇಕು. ಎಬಿಎ ಸರ್ಟಿಫಿಕೇಟ್ ಅದರ ಬದಲಿ ಅಲ್ಲ. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ಪಟ್ಟಿಯಲ್ಲಿ ಬಿಹೇವಿಯರಲ್ ಅನಲಿಸ್ಟ್ ಅನ್ನುವ ವೃತ್ತಿಯ ಹೆಸರು ಇದೆ. ಆದರೆ ವಿದೇಶಿ ಸಂಸ್ಥೆಯ ಪರೀಕ್ಷೆ ಪಾಸಾದ ಮಾತ್ರಕ್ಕೆ ಸರ್ಕಾರಿ ಮಾನ್ಯತೆ ಬಂತು ಅಂತ ಅಂದುಕೊಳ್ಳಬೇಡಿ. ವಿಶೇಷ ಶಾಲೆಯಲ್ಲಿ ಕಾಯಂ ಕೆಲಸ ಬೇಕು ಅನ್ನುವವರು ವಿಶೇಷ ಶಿಕ್ಷಣದ ಡಿಪ್ಲೊಮಾ ಅಥವಾ ಬಿ.ಎಡ್ ಮೊದಲು ಮಾಡಿ, ಆಮೇಲೆ ಇದಕ್ಕೆ ಬರುವುದು ನನ್ನ ಪ್ರಕಾರ ಸರಿಯಾದ ಕ್ರಮ.

ಅರ್ಜಿ, ಹೆಸರು, ಹಣ

ಇದು ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ಕೊಡಗಿನವರಿಗೆ ಇಲ್ಲೇ ತೊಡಕಾಗುತ್ತದೆ. ನಮ್ಮಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅವರ ಪೂರ್ತಿ ಹೆಸರು ಕೋದಂಡೇರ ಮಾದಪ್ಪ ಕಾರ್ಯಪ್ಪ. ಆಧಾರ್‌ನಲ್ಲಿ ಬರೀ ಇನಿಷಿಯಲ್, ಮಾರ್ಕ್ಸ್ ಕಾರ್ಡಿನಲ್ಲಿ ಪೂರ್ತಿ ಹೆಸರು, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು ಕೊನೆಯಲ್ಲಿ. ಹೀಗೆ ಇರುವವರು ತುಂಬಾ ಜನ. ಪರೀಕ್ಷೆಯ ದಿನ ಗುರುತಿನ ಚೀಟಿಯ ಹೆಸರು, ಅರ್ಜಿಯ ಹೆಸರು ಎರಡೂ ಒಂದೇ ರೀತಿ ಇರಬೇಕು. ಯಾವ ಚೀಟಿ ತೋರಿಸುತ್ತೀರಿ ಅಂತ ಮೊದಲೇ ತೀರ್ಮಾನಿಸಿ. ಅದರಲ್ಲಿ ಇರುವಂತೆಯೇ ಅರ್ಜಿ ತುಂಬಿ. ಮದುವೆಯ ನಂತರ ಮನೆತನದ ಹೆಸರು ಬದಲಾಗಿದ್ದರೆ ಇನ್ನೂ ಎಚ್ಚರ ಬೇಕು.

ಶುಲ್ಕ ಡಾಲರಿನಲ್ಲಿ ಇರುತ್ತದೆ. ನಿಮ್ಮ ಕಾರ್ಡಿನಲ್ಲಿ ವಿದೇಶಿ ಪಾವತಿಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿಟ್ಟುಕೊಳ್ಳಿ. ಬ್ಯಾಂಕಿನ ಚಾರ್ಜ್, ವಾರ್ಷಿಕ ಅಥವಾ ನವೀಕರಣದ ಶುಲ್ಕ, ಮೇಲ್ವಿಚಾರಕರ ಶುಲ್ಕ, ಎಲ್ಲ ಸೇರಿಸಿ ಒಟ್ಟು ಎಷ್ಟಾಗುತ್ತದೆ ಅಂತ ಬರೆದು ನೋಡಿ. ಬರೀ ಪರೀಕ್ಷೆಯ ಫೀಸು ನೋಡಿ ಮುಂದುವರಿಯಬೇಡಿ.

ಮೇಲ್ವಿಚಾರಕರನ್ನು ಹುಡುಕುವುದು

ಕೊಡಗಿನಲ್ಲಿ ಇದು ಕಷ್ಟದ ಕೆಲಸ. ಹೆಚ್ಚಿನವರಿಗೆ ಬೆಂಗಳೂರಿನ ಅಥವಾ ಹೊರದೇಶದ ಮೇಲ್ವಿಚಾರಕರು ವಿಡಿಯೊ ಕರೆಯಲ್ಲಿ ಸಿಗುತ್ತಾರೆ. ಹಣ ಕಟ್ಟುವ ಮುಂಚೆ ಅವರ ಸರ್ಟಿಫಿಕೇಟ್ ಈಗಲೂ ಚಾಲ್ತಿಯಲ್ಲಿದೆಯಾ ಅಂತ ಸಂಸ್ಥೆಯ ಸ್ವಂತ ಪಟ್ಟಿಯಲ್ಲಿ ನೋಡಿ. ಅವರು ಕಳಿಸಿದ ಸ್ಕ್ರೀನ್‌ಶಾಟ್ ಸಾಲದು. ಆಮೇಲೆ ನೇರವಾಗಿ ಕೇಳಿ. ನಾನು ಮಗುವಿನ ಜೊತೆ ಕೆಲಸ ಮಾಡುವುದನ್ನು ನೀವು ನೋಡುತ್ತೀರಾ, ಅಥವಾ ಬರೀ ಮಾತಾಡುತ್ತೀರಾ? ನೋಡಿದ ಮೇಲೆ ಬರವಣಿಗೆಯಲ್ಲಿ ಅಭಿಪ್ರಾಯ ಕೊಡುತ್ತೀರಾ? ಕರೆಂಟ್ ಹೋಗಿ ಕರೆ ಕಟ್ಟಾದರೆ ಆ ಗಂಟೆ ಲೆಕ್ಕಕ್ಕೆ ಬರುತ್ತದಾ? ನೋಡದೆ ಸಹಿ ಹಾಕಿಕೊಡುತ್ತೇನೆ ಅನ್ನುವವರು ಸಿಕ್ಕರೆ ಅಲ್ಲಿಂದ ದೂರ ಇರಿ. ಆ ಸಹಿಯ ಬೆಲೆ ತೆರುವುದು ಮುಂದೆ ನಿಮ್ಮ ಕೈಗೆ ಬರುವ ಮಗು.

ವಿಡಿಯೊ ತೋರಿಸುವ ಮೊದಲು ಮಗುವಿನ ಮನೆಯವರಿಂದ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ, ಯಾವಾಗ ಅಳಿಸುತ್ತೀರಿ, ಎಲ್ಲವೂ ಅದರಲ್ಲಿ ಇರಲಿ.

ಕೆಲಸ ಮಾಡಲು ಜಾಗ ಬೇಕಾದವರು ತಮ್ಮ ತಾಲ್ಲೂಕಿನ ವಿಶೇಷ ಶಾಲೆಗೆ ಹೋಗಿ ಮುಖ್ಯಸ್ಥರನ್ನು ಕೇಳಿ. ಸುಂಟಿಕೊಪ್ಪದ ಸ್ವಸ್ಥ ಕೇಂದ್ರದಂತಹ ಜಾಗಗಳು ಜಿಲ್ಲೆಯಲ್ಲಿ ಇವೆ. ಸುಮ್ನೆ ನೋಡಲು ಬರುತ್ತೇನೆ ಅನ್ನಬೇಡಿ. ವಾರಕ್ಕೆ ಇಷ್ಟು ಗಂಟೆ ಬರುತ್ತೇನೆ, ಇಂತಹ ಕೆಲಸಕ್ಕೆ ಕೈಜೋಡಿಸುತ್ತೇನೆ ಅಂತ ಹೇಳಿ. ಮಕ್ಕಳಿಗೆ ನಿಮ್ಮ ಮುಖ ಪರಿಚಯ ಆಗಬೇಕು. ಅರ್ಧಕ್ಕೆ ಬಿಟ್ಟುಹೋಗುವವರಿಂದ ಅವರಿಗೆ ನಷ್ಟ.

ಪಾಠದ ತಿರುಳು: ನಾಲ್ಕು ಪ್ರಶ್ನೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅಂಕ ಹೋಗುವುದೂ ಬರುವುದೂ ಇಲ್ಲೇ.

ಯಾವ ಸನ್ನಿವೇಶ ಬಂದರೂ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ಯಾರ ವರ್ತನೆಯ ಬಗ್ಗೆ ಕೇಳುತ್ತಿದ್ದಾರೆ? ಆ ವರ್ತನೆಯ ನಂತರ ಏನಾದರೂ ಸೇರಿತಾ, ಅಥವಾ ಇದ್ದದ್ದು ಹೋಯಿತಾ? ಮುಂದೆ ಆ ವರ್ತನೆ ಜಾಸ್ತಿ ಆಯಿತಾ, ಕಡಿಮೆ ಆಯಿತಾ? ಇದಕ್ಕೆ ಸನ್ನಿವೇಶದಲ್ಲಿ ಆಧಾರ ಇದೆಯಾ, ಅಥವಾ ನಾನೇ ಊಹಿಸಿದೆನಾ?

ವಿರಾಜಪೇಟೆಯಿಂದ ಮಡಿಕೇರಿಗೆ ಹೋಗುವ ಬಸ್ಸು. ಮಗು ಜೋರಾಗಿ ಅಳುತ್ತಿದೆ. ಎಲ್ಲರೂ ತಿರುಗಿ ನೋಡುತ್ತಿದ್ದಾರೆ. ಅಮ್ಮ ಫೋನ್ ಕೊಟ್ಟರು, ಮಗು ಸುಮ್ಮನಾಯಿತು. ಮುಂದಿನ ಸಲ ಬಸ್ ಹತ್ತಿದ ಕೂಡಲೇ ಅಳು ಶುರು, ಅಮ್ಮನೂ ಬೇಗ ಫೋನ್ ಕೊಡುತ್ತಾರೆ. ಮಗುವಿನ ಅಳುವಿನ ನಂತರ ಫೋನ್ ಸೇರಿತು, ಅಳು ಜಾಸ್ತಿ ಆಯಿತು. ಅದು ಪಾಸಿಟಿವ್ ರೀಇನ್ಫೋರ್ಸ್‌ಮೆಂಟ್. ಅಮ್ಮ ಫೋನ್ ಕೊಟ್ಟ ನಂತರ ಅಳು ನಿಂತಿತು, ಅಮ್ಮ ಫೋನ್ ಕೊಡುವುದು ಜಾಸ್ತಿ ಆಯಿತು. ಅದು ನೆಗೆಟಿವ್ ರೀಇನ್ಫೋರ್ಸ್‌ಮೆಂಟ್. ಒಂದೇ ಘಟನೆಗೆ ಎರಡು ಉತ್ತರ. ಯಾರ ವರ್ತನೆ ಅನ್ನುವ ಮೊದಲ ಪ್ರಶ್ನೆ ಕೇಳದವರು ಇಲ್ಲೇ ತಪ್ಪುತ್ತಾರೆ. ಹಾಗೇ, ನೆಗೆಟಿವ್ ಅಂದ ತಕ್ಷಣ ಶಿಕ್ಷೆ ಅಂದುಕೊಳ್ಳಬೇಡಿ. ಜಾಸ್ತಿ ಆದರೆ ರೀಇನ್ಫೋರ್ಸ್‌ಮೆಂಟ್, ಕಡಿಮೆ ಆದರೆ ಪನಿಶ್‌ಮೆಂಟ್. ಸೇರಿದರೆ ಪಾಸಿಟಿವ್, ಹೋದರೆ ನೆಗೆಟಿವ್. ಇಷ್ಟೇ.

ನೆಗೆಟಿವ್ ರೀಇನ್ಫೋರ್ಸ್‌ಮೆಂಟಿನಲ್ಲೇ ಎರಡು ಬಗೆ ಇದೆ. ಮಳೆಗಾಲದಲ್ಲಿ ತೋಟಕ್ಕೆ ಹೋದಾಗ ಜಿಗಣೆ ಹತ್ತಿತು, ಉಪ್ಪು ಹಾಕಿದಿರಿ, ಉದುರಿತು. ಇದು ಎಸ್ಕೇಪ್. ಮಾರನೆಯ ದಿನ ಮನೆಯಿಂದ ಹೊರಡುವಾಗಲೇ ಕಾಲುಚೀಲಕ್ಕೆ ಉಪ್ಪು ಸವರಿಕೊಂಡಿರಿ, ಜಿಗಣೆ ಹತ್ತಲೇ ಇಲ್ಲ. ಇದು ಅವಾಯ್ಡೆನ್ಸ್.

ಎಕ್ಸ್‌ಟಿಂಕ್ಷನ್ ಇನ್ನೊಂದು ಗುಂಡಿ. ಸುಮ್ಮನೆ ಗಮನ ಕೊಡದೆ ಇರುವುದೇ ಎಕ್ಸ್‌ಟಿಂಕ್ಷನ್ ಅಂತ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ಆ ವರ್ತನೆಗೆ ಇದುವರೆಗೆ ಏನು ಸಿಗುತ್ತಿತ್ತೋ ಅದನ್ನು ನಿಲ್ಲಿಸುವುದು ಎಕ್ಸ್‌ಟಿಂಕ್ಷನ್. ಅಜ್ಜಿಯ ಗಮನಕ್ಕಾಗಿ ಮಗು ಕೂಗುತ್ತಿದ್ದರೆ ಅಜ್ಜಿ ಗಮನ ಕೊಡದಿರುವುದು ಸರಿ. ಆದರೆ ಬರೆಯುವ ಕೆಲಸ ತಪ್ಪಿಸಿಕೊಳ್ಳಲು ಕೂಗುತ್ತಿದ್ದರೆ? ಟೀಚರ್ ಗಮನ ಕೊಡದೆ ಬಿಟ್ಟರೆ ಮಗುವಿಗೆ ಬೇಕಾದದ್ದೇ ಸಿಕ್ಕಿತು. ಕೂಗು ಇನ್ನೂ ಗಟ್ಟಿಯಾಗುತ್ತದೆ. ವರ್ತನೆ ನೋಡಲು ಒಂದೇ ಥರ, ಕಾರಣ ಬೇರೆ, ಉಪಾಯವೂ ಬೇರೆ. ಎಕ್ಸ್‌ಟಿಂಕ್ಷನ್ ಶುರು ಮಾಡಿದಾಗ ವರ್ತನೆ ಒಮ್ಮೆ ಏರಿ ಆಮೇಲೆ ಇಳಿಯಬಹುದು. ಅದಕ್ಕೆ ಎಕ್ಸ್‌ಟಿಂಕ್ಷನ್ ಬರ್ಸ್ಟ್ ಅಂತ ಹೆಸರು. ಈ ಏರಿಕೆಯನ್ನು ಮನೆಯವರಿಗೆ ಮೊದಲೇ ಹೇಳದಿದ್ದರೆ, ಮೂರನೆಯ ದಿನ ಅವರು ಸೋತು ಬಿಸ್ಕೆಟ್ ಕೊಟ್ಟುಬಿಡುತ್ತಾರೆ. ಆಗ ಮಗು ಕಲಿಯುವುದು ಇನ್ನೂ ಜೋರಾಗಿ ಕೂಗಬೇಕು ಅಂತ.

ಕಾರಣಗಳನ್ನು ನಾಲ್ಕು ಗುಂಪಾಗಿ ಓದುತ್ತೀರಿ. ಗಮನ ಸಿಗುವುದು, ಬೇಕಾದ ವಸ್ತು ಸಿಗುವುದು, ಬೇಡದ್ದರಿಂದ ತಪ್ಪಿಸಿಕೊಳ್ಳುವುದು, ಆ ವರ್ತನೆಯೇ ಕೊಡುವ ಅನುಭವ. ಇವನ್ನು ಪ್ರಯೋಗ ಮಾಡಿ ಪತ್ತೆ ಹಚ್ಚುವ ಕ್ರಮವನ್ನು ಬ್ರಯಾನ್ ಇವಾಟಾ ಮತ್ತು ಜೊತೆಗಾರರು 1982ರಲ್ಲಿ ಪ್ರಕಟಿಸಿದರು. ಆ ಪ್ರಯೋಗ ಮಾಡುವುದು ಟೆಕ್ನಿಷಿಯನ್ ಕೆಲಸ ಅಲ್ಲ. ಆದರೆ ಅದರ ಅರ್ಥ ಗೊತ್ತಿರಬೇಕು.

ಆಸೆ ಹುಟ್ಟಿಸುವುದಕ್ಕೂ ಸಿಗುತ್ತದೆ ಅಂತ ಸೂಚಿಸುವುದಕ್ಕೂ ಇರುವ ವ್ಯತ್ಯಾಸ ಪರೀಕ್ಷೆ ಮಾಡುವವರಿಗೆ ಬಹಳ ಇಷ್ಟ. ಖಾರದ ಪಂದಿ ಕರಿ ಊಟ ಆದ ಮೇಲೆ ನೀರು ಇನ್ನೂ ಜಾಸ್ತಿ ಬೇಕು ಅನಿಸುತ್ತದೆ. ಇದು ಮೋಟಿವೇಟಿಂಗ್ ಆಪರೇಷನ್. ಅಂಗಡಿಯ ಶಟರ್ ತೆರೆದಿದೆ, ಈಗ ಹೋದರೆ ನೀರಿನ ಬಾಟಲಿ ಸಿಗುತ್ತದೆ. ಇದು ಎಸ್‌ಡಿ, ಅಂದರೆ ಡಿಸ್ಕ್ರಿಮಿನೇಟಿವ್ ಸ್ಟಿಮ್ಯುಲಸ್. ಬೇಕು ಅನಿಸುವುದು ಒಂದು, ಸಿಗುತ್ತದೆ ಅನ್ನುವುದು ಇನ್ನೊಂದು.

ಷೆಡ್ಯೂಲ್ ಅಂದರೆ ಎಷ್ಟು ಸಲ ಮಾಡಿದ ಮೇಲೆ (ರೇಷಿಯೊ) ಅಥವಾ ಎಷ್ಟು ಸಮಯ ಕಳೆದ ಮೇಲೆ (ಇಂಟರ್ವಲ್) ಪ್ರತಿಫಲ ಸಿಗುತ್ತದೆ ಅನ್ನುವ ಕ್ರಮ; ಅದು ನಿಗದಿ ಆಗಿದ್ದರೆ ಫಿಕ್ಸೆಡ್, ಬದಲಾಗುತ್ತಿದ್ದರೆ ವೇರಿಯಬಲ್. ಇವಕ್ಕೂ ಊರಿನ ಉದಾಹರಣೆ ಕಟ್ಟಿಕೊಳ್ಳಿ. ಕಾಫಿ ಕೊಯ್ಲಿನಲ್ಲಿ ಕೆಜಿ ಲೆಕ್ಕದ ಕೂಲಿ ಫಿಕ್ಸೆಡ್ ರೇಷಿಯೊಗೆ ಹತ್ತಿರ. ಹತ್ತಿರ ಅಂದದ್ದಕ್ಕೆ ಕಾರಣ ಇದೆ. ಹಣ ಪ್ರತಿ ಕೆಜಿಗೆ ಆಗಲೇ ಕೈಗೆ ಬರುವುದಿಲ್ಲ, ತೂಕ ಹಾಕಿದ ಮೇಲೆ ಬರುತ್ತದೆ. ಗಂಟೆಗೊಂದು ಬಸ್ ಇದ್ದರೆ, ಸಮಯ ಹತ್ತಿರ ಬಂದಂತೆ ರಸ್ತೆ ತಿರುವಿನ ಕಡೆ ನೋಡುವುದು ಜಾಸ್ತಿ ಆಗುತ್ತದೆ. ಅದು ಫಿಕ್ಸೆಡ್ ಇಂಟರ್ವಲ್. ಮಳೆಯಲ್ಲಿ ನೆಟ್‌ವರ್ಕ್ ಹೋಗಿ ಯಾವಾಗ ಬರುತ್ತದೋ ಗೊತ್ತಿಲ್ಲದೆ ಆಗಾಗ ಫೋನ್ ತೆಗೆದು ನೋಡುವುದು ವೇರಿಯಬಲ್ ಇಂಟರ್ವಲ್.

ಕಲಿಸುವ ವಿಧಾನಗಳಲ್ಲಿ ಚೈನಿಂಗ್ ಅನ್ನು, ಅಂದರೆ ಒಂದು ಕೆಲಸದ ಹಂತಗಳನ್ನು ಒಂದಕ್ಕೊಂದು ಜೋಡಿಸಿ ಕಲಿಸುವುದನ್ನು, ಕೈಯಾರೆ ಮಾಡಿ ಕಲಿಯಿರಿ. ರೇನ್‌ಕೋಟ್ ಹಾಕಿಕೊಳ್ಳುವುದನ್ನು ಹಂತ ಹಂತವಾಗಿ ಬರೆಯಿರಿ. ಒಂದು ಕೈ ತೂರಿಸುವುದು, ಇನ್ನೊಂದು ಕೈ, ಟೋಪಿ, ಜಿಪ್. ಮೊದಲ ಹಂತದಿಂದ ಕಲಿಸಿದರೆ ಫಾರ್ವರ್ಡ್. ಉಳಿದದ್ದೆಲ್ಲ ನೀವು ಮಾಡಿ, ಕೊನೆಯ ಜಿಪ್ ಎಳೆಯುವುದನ್ನು ಮಾತ್ರ ಮಗುವಿಗೆ ಬಿಟ್ಟು, ಆಮೇಲೆ ಒಂದೊಂದೇ ಹಂತ ಹಿಂದಕ್ಕೆ ಬಂದರೆ ಬ್ಯಾಕ್‌ವರ್ಡ್. ಬ್ಯಾಕ್‌ವರ್ಡ್‌ನಲ್ಲಿ ಕೆಲಸ ಮುಗಿದ ಖುಷಿ ಮೊದಲ ದಿನದಿಂದಲೇ ಮಗುವಿಗೆ ಸಿಗುತ್ತದೆ. ಕೈಹಿಡಿದು ಮಾಡಿಸುವ ಸಹಾಯವನ್ನು ಯಾವಾಗ, ಹೇಗೆ ಕಡಿಮೆ ಮಾಡುತ್ತೀರಿ ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ.

ಡಿಆರ್‌ಎ, ಡಿಆರ್‌ಐ, ಡಿಆರ್‌ಒ ಗೊಂದಲ ಮಾಡುತ್ತವೆ. ಬೇಡದ ವರ್ತನೆಗೆ ಕೊಡದೆ ಬೇರೆಯದಕ್ಕೆ ಬಹುಮಾನ ಕೊಟ್ಟು ಅದನ್ನು ಕಡಿಮೆ ಮಾಡುವ ಮೂರು ವಿಧಾನ ಇವು. ಮಗು ಮೇಜು ಬಡಿಯುತ್ತದೆ ಅಂತ ಇಟ್ಟುಕೊಳ್ಳಿ. ನಿಗದಿತ ಸಮಯ ಬಡಿಯದೆ ಇದ್ದುದಕ್ಕೆ ಬಹುಮಾನ ಕೊಟ್ಟರೆ ಡಿಆರ್‌ಒ. ಬಡಿಯುವ ಬದಲು ಕಾರ್ಡ್ ತೋರಿಸಿ ಕೇಳಿದ್ದಕ್ಕೆ ಕೊಟ್ಟರೆ ಡಿಆರ್‌ಎ. ಎರಡೂ ಕೈಯಲ್ಲಿ ಜೇಡಿಮಣ್ಣು ನಾದುತ್ತಿರುವುದಕ್ಕೆ ಕೊಟ್ಟರೆ ಡಿಆರ್‌ಐ, ಯಾಕಂದರೆ ಮಣ್ಣು ನಾದುತ್ತಾ ಮೇಜು ಬಡಿಯಲು ಆಗುವುದಿಲ್ಲ.

ಮಾತಿನ ವಿಭಾಗಕ್ಕೆ "ನೀರು" ಅನ್ನುವ ಒಂದೇ ಪದ ಸಾಕು. ಬಾಯಾರಿ ಕೇಳಿದರೆ ಮ್ಯಾಂಡ್. ಹೊಳೆ ನೋಡಿ ಹೇಳಿದರೆ ಟ್ಯಾಕ್ಟ್. ನೀವು ಹೇಳಿದ್ದನ್ನೇ ಮರಳಿ ಹೇಳಿದರೆ ಎಕೋಯಿಕ್. "ಬಾಯಾರಿದರೆ ಏನು ಕುಡೀತೀಯ?" ಅಂದಾಗ, ನೀರು ಕಣ್ಣಿಗೆ ಕಾಣದಿದ್ದರೂ ಉತ್ತರ ಕೊಟ್ಟರೆ ಇಂಟ್ರಾವರ್ಬಲ್. ಈ ವಿಂಗಡಣೆ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1957ರಲ್ಲಿ ಕೊಟ್ಟದ್ದು. ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಮುಖ ಇದೆ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಥೆರಪಿಯಲ್ಲಿ ಇಂಗ್ಲಿಷ್. ತೋಟದ ಕಾರ್ಮಿಕರ ಲೈನ್ ಮನೆಯ ಮಗುವಿಗೆ ಯರವ ಭಾಷೆಯೋ ಮಲಯಾಳವೋ ಇರಬಹುದು. ಥೆರಪಿ ಕೋಣೆಯಲ್ಲಿ "ವಾಟರ್" ಅಂದು ಕಲಿತ ಮಗುವಿಗೆ ಮನೆಯ ಅಡುಗೆಮನೆಯಲ್ಲಿ ಆ ಪದ ಉಪಯೋಗಕ್ಕೆ ಬರದಿದ್ದರೆ ಕಲಿಸಿದ್ದು ಪೂರ್ತಿ ಆಗಿಲ್ಲ. 1968ರಲ್ಲಿ ಬೇಯರ್, ವುಲ್ಫ್, ರಿಸ್ಲಿ ಅವರು ಎಬಿಎಗೆ ಏಳು ಲಕ್ಷಣಗಳನ್ನು ಹೇಳಿದರು. ಅದರಲ್ಲಿ ಜನರಾಲಿಟಿ ಒಂದು. ಕಲಿತದ್ದು ಬೇರೆ ಜಾಗಕ್ಕೆ, ಬೇರೆ ಜನರ ನಡುವೆ, ಮುಂದಿನ ದಿನಗಳಿಗೂ ಹೋಗಬೇಕು. ಏಳನ್ನೂ ಕಲಿಯಿರಿ, ಆದರೆ ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಿ.

ಅಳತೆ ಮತ್ತು ಲೆಕ್ಕ

ಲೆಕ್ಕ ಅಂದರೆ ಹೆದರುವವರು ಇಲ್ಲಿ ಸುಲಭವಾಗಿ ಅಂಕ ತೆಗೆಯಬಹುದು.

ಮೊದಲು ವರ್ತನೆಯನ್ನು ಕಣ್ಣಿಗೆ ಕಾಣುವಂತೆ ಬರೆಯಿರಿ. "ಗಲಾಟೆ ಮಾಡ್ತಾನೆ" ಅಂದರೆ ಇಬ್ಬರು ಎರಡು ಥರ ಎಣಿಸುತ್ತಾರೆ. "ಕುರ್ಚಿಯಿಂದ ಎದ್ದು ಒಂದು ಮೀಟರ್‌ಗಿಂತ ದೂರ ಹೋಗುವುದು" ಅಂದರೆ ಒಂದೇ ಥರ. ಹೆಣ ಮಾಡಬಹುದಾದದ್ದು ವರ್ತನೆ ಅಲ್ಲ ಅನ್ನುವ ಒರೆಗಲ್ಲು ಅಮೆರಿಕದ ಮನಶ್ಶಾಸ್ತ್ರಜ್ಞ ಆಗ್ಡನ್ ಲಿಂಡ್ಸ್ಲಿ ಅವರದ್ದು. ಹಾಗಾಗಿ "ಸುಮ್ಮನೆ ಕೂರುವುದು" ಗುರಿ ಆಗಬಾರದು. "ಮಣಿ ಪೋಣಿಸುವುದು" ಆಗಬಹುದು.

30 ನಿಮಿಷದಲ್ಲಿ 12 ಸಲ ಆದರೆ ರೇಟ್ ಗಂಟೆಗೆ 24. ಹೇಳಿದ ಮೇಲೆ ಶುರು ಮಾಡಲು ಹಿಡಿದ ಸಮಯ ಲೇಟೆನ್ಸಿ. ಶುರುವಾದದ್ದು ಮುಗಿಯುವ ತನಕ ಡ್ಯುರೇಷನ್. ಒಂದು ಮುಗಿದು ಇನ್ನೊಂದು ಶುರುವಾಗುವ ನಡುವಿನದ್ದು ಐಆರ್‌ಟಿ.

ಇಂಟರ್ವಲ್ ವಿಧಾನಗಳನ್ನು ಒಂದು ಲೆಕ್ಕದಿಂದ ನೆನಪಿಡಿ. 10 ನಿಮಿಷವನ್ನು 30 ಸೆಕೆಂಡಿನ 20 ಭಾಗ ಮಾಡಿ. ಮಗು 8 ಭಾಗಗಳಲ್ಲಿ ಒಂದೊಂದು ಸಲ, ಐದೈದು ಸೆಕೆಂಡ್ ಎದ್ದಿತು ಅಂದುಕೊಳ್ಳಿ. ನಿಜವಾಗಿ ಎದ್ದಿದ್ದ ಸಮಯ 600 ಸೆಕೆಂಡಿನಲ್ಲಿ 40, ಅಂದರೆ ಶೇಕಡಾ 7ರ ಹತ್ತಿರ. ಭಾಗದಲ್ಲಿ ಒಮ್ಮೆ ಕಂಡರೂ ಗುರುತು ಹಾಕುವ ಪಾರ್ಷಿಯಲ್ ಇಂಟರ್ವಲ್ ಇದನ್ನು ಶೇಕಡಾ 40 ಅನ್ನುತ್ತದೆ. ಭಾಗ ಪೂರ್ತಿ ಇದ್ದರೆ ಮಾತ್ರ ಗುರುತು ಹಾಕುವ ಹೋಲ್ ಇಂಟರ್ವಲ್ ಸೊನ್ನೆ ಅನ್ನುತ್ತದೆ. ಒಂದು ಜಾಸ್ತಿ ತೋರಿಸುತ್ತದೆ, ಇನ್ನೊಂದು ಕಡಿಮೆ. ಇದೊಂದು ಲೆಕ್ಕ ನೀವೇ ಮಾಡಿ ನೋಡಿದರೆ ಮತ್ತೆ ಮರೆಯುವುದಿಲ್ಲ.

ಇಬ್ಬರು ಎಣಿಸಿದ್ದು ಎಷ್ಟು ಹೊಂದುತ್ತದೆ ಅನ್ನುವುದು ಐಒಎ. ಒಬ್ಬರು 18, ಇನ್ನೊಬ್ಬರು 20 ಅಂದರೆ, ಸಣ್ಣದನ್ನು ದೊಡ್ಡದರಿಂದ ಭಾಗಿಸಿ 100ರಿಂದ ಗುಣಿಸಿ. ಶೇಕಡಾ 90. ಮನೆಯಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು ಟಿವಿ ವಾರ್ತೆ ಓದುವವರು ಎಷ್ಟು ಸಲ ಕೈ ಎತ್ತುತ್ತಾರೆ ಅಂತ ಇಬ್ಬರೂ ಎಣಿಸಿ. ಒಳ್ಳೆಯ ಅಭ್ಯಾಸ.

ಓದುವ ಕ್ರಮ

ಪರೀಕ್ಷೆಯ ಭಾಷೆ ಹೆಚ್ಚಿನವರಿಗೆ ಇಂಗ್ಲಿಷೇ. ಅರ್ಥವನ್ನು ನಿಮ್ಮ ಭಾಷೆಯಲ್ಲಿ ಮಾಡಿಕೊಳ್ಳಿ, ಪದಗಳನ್ನು ಇಂಗ್ಲಿಷಿನಲ್ಲೇ ಉಳಿಸಿಕೊಳ್ಳಿ. ಕಾರ್ಡಿನ ಒಂದು ಕಡೆ ಸನ್ನಿವೇಶ, ಇನ್ನೊಂದು ಕಡೆ ಹೆಸರು. ಸನ್ನಿವೇಶ ನೀವೇ ಕಂಡದ್ದಾಗಿರಲಿ. ಒಂದೊಂದು ಹೆಸರಿಗೂ ಬೇರೆ ಬೇರೆ ಸನ್ನಿವೇಶಗಳ ಕಾರ್ಡ್ ಇರಲಿ, ಜೊತೆಗೆ ನೋಡಲು ಹಾಗೇ ಕಂಡರೂ ಅದಲ್ಲದ ಒಂದು ಕಾರ್ಡ್ ಕೂಡ.

ಲಿಂಡ್ಸ್ಲಿ ಅವರದ್ದೇ ಒಂದು ಅಭ್ಯಾಸ ಇದೆ, ಸೇಫ್‌ಮೆಡ್ಸ್ ಅಂತ. ಕಾರ್ಡುಗಳನ್ನು ಪ್ರತಿದಿನ ಕಲಸಿ, ಒಂದು ನಿಮಿಷ ಟೈಮರ್ ಇಟ್ಟು, ಜೋರಾಗಿ ಹೇಳುತ್ತಾ ಆದಷ್ಟು ಬೇಗ ಹೋಗುವುದು. ಸರಿ ಎಷ್ಟು, ತಪ್ಪು ಎಷ್ಟು ಅಂತ ಬರೆದು ಗ್ರಾಫ್ ಹಾಕಿ. ತಡವರಿಸದೆ ಬರುವ ತನಕ ಬಿಡಬೇಡಿ. ಯೋಚಿಸಿ ಹೇಳಿದ ಸರಿ ಉತ್ತರ ಪರೀಕ್ಷೆಯ ಒತ್ತಡದಲ್ಲಿ ಜಾರಿಹೋಗುತ್ತದೆ. ಮಾದರಿ ಪ್ರಶ್ನೆಪತ್ರಿಕೆ ಮಾಡಿದಾಗ ಬರೀ ಅಂಕ ಬರೆದುಕೊಳ್ಳಬೇಡಿ. ತಪ್ಪಿದ ಪ್ರತಿ ಪ್ರಶ್ನೆಯ ಎದುರು ಕಾರಣ ಬರೆಯಿರಿ. ಪದ ಗೊತ್ತಿರಲಿಲ್ಲವಾ, ಯಾರ ವರ್ತನೆ ಅಂತ ನೋಡಲಿಲ್ಲವಾ, "ಅಲ್ಲ" ಅನ್ನುವ ಪದ ಬಿಟ್ಟು ಓದಿದಿರಾ? ಎರಡು ವಾರದಲ್ಲಿ ನಿಮ್ಮ ತಪ್ಪಿನ ಜಾಡು ಕಾಣುತ್ತದೆ.

ಕಾಲವನ್ನೂ ನೋಡಿಕೊಳ್ಳಿ. ಡಿಸೆಂಬರ್‌ನಿಂದ ಮಾರ್ಚ್ ತನಕ ಕಾಫಿ ಕೊಯ್ಲು. ತೋಟ ಇರುವ ಮನೆಯಲ್ಲಿ ಆಗ ಯಾರಿಗೂ ಪುರುಸೊತ್ತಿಲ್ಲ. ಜೂನ್‌ನಿಂದ ಆಗಸ್ಟ್ ತನಕ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ಓದಲು ಮಳೆಗಾಲ ಚೆನ್ನ, ಅದಕ್ಕೆ ಪಾಠಗಳನ್ನು ಮೇ ಒಳಗೆ ಇಳಿಸಿ ಪ್ರಿಂಟ್ ತೆಗೆದಿಡಿ. ಪರೀಕ್ಷೆಗೆ ಅಕ್ಟೋಬರ್‌ನ ಕಾವೇರಿ ಸಂಕ್ರಮಣ ಕಳೆದು ಸುಗ್ಗಿ ಹಬ್ಬ ಪುತ್ತರಿಗೆ ಮುಂಚಿನ ದಿನಗಳನ್ನು ಆರಿಸಿಕೊಳ್ಳಿ. ಶಾಲೆಯಲ್ಲಿ ಕೆಲಸ ಮಾಡುವವರಿಗೆ ಏಪ್ರಿಲ್ ರಜೆಯೂ ಆಗಬಹುದು. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವ ಕಾಲ ಅದು, ಬೆಳಗಿನ ಹೊತ್ತು ತೆಗೆದುಕೊಳ್ಳಿ.

ನೀತಿಯ ವಿಭಾಗ

ಕೊನೆಯ ವಾರಕ್ಕೆ ಬಿಡಬೇಡಿ. ಚಿಕ್ಕ ಜಿಲ್ಲೆಯಲ್ಲಿ ಕೆಲಸ ಮಾಡುವವರಿಗೆ ಇದು ದಿನದ ವಿಷಯ.

ಇಲ್ಲಿ ಎಲ್ಲರೂ ಒಂದಲ್ಲ ಒಂದು ರೀತಿಯಲ್ಲಿ ನೆಂಟರು. ಮದುವೆ ಮನೆಯಲ್ಲಿ "ಆ ಮನೆಯ ಮಗು ಈಗ ಹೇಗಿದೆ?" ಅಂತ ಕೇಳುತ್ತಾರೆ. ಕಾಳಜಿಯಿಂದಲೇ ಕೇಳಿದರೂ ಉತ್ತರ ಕೊಡುವಂತಿಲ್ಲ. ಆ ಮಗು ನಿಮ್ಮ ಹತ್ತಿರ ಬರುತ್ತದೆ ಅನ್ನುವುದನ್ನೂ ಹೇಳುವಂತಿಲ್ಲ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಮಗುವಿನ ಫೋಟೊ ಬೇಡ, ಮುಖ ಮುಚ್ಚಿದ್ದರೂ ಬೇಡ. ಸ್ವಂತ ಅಕ್ಕನ ಮಗುವಿಗೆ ಥೆರಪಿ ಕೊಡುವುದು ಎರಡು ಸಂಬಂಧ ಬೆರೆಸುವುದು. ಬೇರೆಯವರು ಸಿಗುತ್ತಾರಾ ಅಂತ ಮೇಲ್ವಿಚಾರಕರ ಜೊತೆ ಮಾತಾಡಿ, ಮಾತಾಡಿದ್ದನ್ನು ಬರೆದಿಡಿ.

ಉಡುಗೊರೆಯ ಪ್ರಶ್ನೆ ಪರೀಕ್ಷೆಯಲ್ಲೂ ಬರಬಹುದು, ಬಾಗಿಲಿಗೂ ಬರುತ್ತದೆ. ಮನೆಗೆ ಹೋದಾಗ ಒಂದು ಲೋಟ ಕಾಫಿ ಕುಡಿಯುವುದು ನಮ್ಮ ಕಡೆ ಮರ್ಯಾದೆ. ಒಂದು ಚೀಲ ಕರಿಮೆಣಸು ಬೇರೆ ಮಾತು. ನಿಮ್ಮ ಸಂಸ್ಥೆಯ ನೀತಿ ಸಂಹಿತೆ ಏನು ಹೇಳುತ್ತದೆ ಅಂತ ಓದಿ, ಮೊದಲ ಭೇಟಿಯಲ್ಲೇ ಮನೆಯವರಿಗೆ ಹೇಳಿಬಿಡಿ.

ಟೆಕ್ನಿಷಿಯನ್ ತಾನಾಗಿ ಯೋಜನೆ ಬದಲಿಸುವುದಿಲ್ಲ. ಇದು ಅನೇಕ ಪ್ರಶ್ನೆಗಳ ಉತ್ತರ. ಅಜ್ಜ ಬಂದು "ಇದನ್ನೂ ಕಲಿಸಿ" ಅಂದರೆ, ಮಗುವಿನ ಮಾತಿನ ಬಗ್ಗೆ ಸಲಹೆ ಕೇಳಿದರೆ, ಮೇಲ್ವಿಚಾರಕರಿಗೆ ತಿಳಿಸಿ. ಮಾತು, ಶ್ರವಣದ ತಪಾಸಣೆಗೆ ಮೈಸೂರಿನ ಆಯಿಷ್ (ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ) ಇದೆ, 1965ರಿಂದ ಇದೇ ಕೆಲಸ ಮಾಡುತ್ತಿರುವ ಸಂಸ್ಥೆ. ನಿಮಗೆ ಗೊತ್ತಿಲ್ಲದ್ದಕ್ಕೆ ಅಲ್ಲಿಗೆ ದಾರಿ ತೋರಿಸುವುದೂ ನೀತಿಯೇ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ಅನುಮಾನ ಬಂದರೆ ಮಾತ್ರ ಗೌಪ್ಯತೆ ಅಡ್ಡ ಬರುವುದಿಲ್ಲ. 2012ರ ಪೋಕ್ಸೊ ಕಾಯ್ದೆಯಲ್ಲಿ ವರದಿ ಮಾಡುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ಇನ್ನೊಂದು ವಿಷಯ. ಆಟಿಸಂ ಇರುವ ದೊಡ್ಡವರಲ್ಲಿ ಅನೇಕರು ಎಬಿಎಯನ್ನು ಕಟುವಾಗಿ ಟೀಕಿಸಿದ್ದಾರೆ. ಬಲವಂತವಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡಿಸಿದ್ದು, ಯಾರಿಗೂ ತೊಂದರೆ ಕೊಡದ ಕೈ ಅಲ್ಲಾಡಿಸುವಿಕೆಯನ್ನು ನಿಲ್ಲಿಸಿದ್ದು, ಅಳುವಾಗಲೂ ಪಾಠ ಮುಂದುವರಿಸಿದ್ದು. ಅವರ ಮಾತು ಓದಿ. ಮಗುವಿನ ಸಮ್ಮತಿಗೆ ಇವತ್ತು ಈ ಕ್ಷೇತ್ರದಲ್ಲಿ ಅಸೆಂಟ್ ಅನ್ನುವ ಹೆಸರಿದೆ. ಮಾತಾಡದ ಮಗುವೂ ತಲೆ ತಿರುಗಿಸಿ, ಕೈ ಎಳೆದುಕೊಂಡು ಬೇಡ ಅನ್ನುತ್ತದೆ. ಅದನ್ನು ಕಂಡು ನಿಲ್ಲಿಸಲು ಬಾರದವರು ಪರೀಕ್ಷೆ ಪಾಸಾದರೂ ಈ ಕೆಲಸಕ್ಕೆ ತಯಾರಾಗಿಲ್ಲ ಅಂತಲೇ ನನ್ನ ನಂಬಿಕೆ.

ಪರೀಕ್ಷೆಯ ದಿನ

ಆನ್‌ಲೈನ್ ಮೇಲ್ವಿಚಾರಣೆಯಲ್ಲಿ ಬರೆಯುವುದಾದರೆ ಕೋಣೆ ಖಾಲಿ ಇರಬೇಕು, ಬಾಗಿಲು ಮುಚ್ಚಿರಬೇಕು, ಮೇಜಿನ ಮೇಲೆ ಏನೂ ಇರಬಾರದು. ಶೀಟ್ ಛಾವಣಿಯ ಕೋಣೆ ಬೇಡ. ಮಳೆ ಬಂದರೆ ಮಾತೇ ಕೇಳಿಸುವುದಿಲ್ಲ. ರೌಟರ್‌ಗೂ ಯುಪಿಎಸ್ ಇರಲಿ. ಬರೀ ಲ್ಯಾಪ್‌ಟಾಪ್ ಬ್ಯಾಟರಿ ಇದ್ದರೆ ಕರೆಂಟ್ ಹೋದಾಗ ನೆಟ್ ಹೋಗುತ್ತದೆ. ಸಿಸ್ಟಂ ಪರೀಕ್ಷೆಯನ್ನು ಅದೇ ಕೋಣೆಯಲ್ಲಿ, ಅದೇ ಹೊತ್ತಿನಲ್ಲಿ ಮೊದಲೇ ಮಾಡಿ. ಸಂಪರ್ಕ ಕಡಿದರೆ ಯಾರಿಗೆ ಹೇಳಬೇಕು ಅನ್ನುವುದನ್ನು ಹಿಂದಿನ ದಿನವೇ ಓದಿಟ್ಟುಕೊಳ್ಳಿ. ನಿಮ್ಮ ಊರಿನ ನೆಟ್ ಮೇಲೆ ಭರವಸೆ ಇಲ್ಲದಿದ್ದರೆ ಕುಶಾಲನಗರದಲ್ಲೋ ಮೈಸೂರಿನಲ್ಲೋ ಇರುವ ನೆಂಟರ ಮನೆಗೆ ಹಿಂದಿನ ದಿನವೇ ಹೋಗಿ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ. ಅದೇ ದಿನ ಬೆಳಿಗ್ಗೆ ಹೊರಟು ಬರೆಯುವುದು ಬೇಡ.

ಪ್ರಶ್ನೆಯ ಕೊನೆಯ ಸಾಲು ಮೊದಲು ಓದಿ. ಏನು ಕೇಳಿದ್ದಾರೆ ಅಂತ ತಿಳಿದ ಮೇಲೆ ಸನ್ನಿವೇಶಕ್ಕೆ ಬನ್ನಿ. ಆಯ್ಕೆಗಳನ್ನು ನೋಡುವ ಮುಂಚೆ ನಿಮ್ಮ ಉತ್ತರ ಮನಸ್ಸಿನಲ್ಲಿ ಹೇಳಿಕೊಳ್ಳಿ. ಎರಡು ಆಯ್ಕೆ ಸರಿ ಅನಿಸಿದರೆ, ಸನ್ನಿವೇಶದಲ್ಲಿ ಬರೆದಿರುವುದಕ್ಕೆ ಮಾತ್ರ ಒಪ್ಪುವುದು ಯಾವುದು ನೋಡಿ. ಮಗುವಿಗೆ ಚಾಕಲೇಟ್ ಇಷ್ಟ ಅಂತ ಬರೆದಿದ್ದರೆ ಅದು ಇಷ್ಟ ಅಷ್ಟೇ. ಕೊಟ್ಟ ಮೇಲೆ ವರ್ತನೆ ಜಾಸ್ತಿ ಆಯಿತು ಅಂತ ಬರೆದಿದ್ದರೆ ಮಾತ್ರ ರೀಇನ್ಫೋರ್ಸರ್.

ಪಾಸಾದ ಮೇಲೆ ಸರ್ಟಿಫಿಕೇಟಿನ ಅವಧಿ, ನವೀಕರಣದ ತಾರೀಕು, ಮುಂದುವರಿದ ಕಲಿಕೆಯ ಗಂಟೆಗಳು, ಇವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಟೆಕ್ನಿಷಿಯನ್ ಆದವರು ಮೇಲ್ವಿಚಾರಕರು ಇಲ್ಲದೆ ಸ್ವತಂತ್ರವಾಗಿ ಕೆಲಸ ಮಾಡುವಂತಿಲ್ಲ. ಹಾಗಾಗಿ ಸ್ವಂತ ಸೆಂಟರ್ ಬೋರ್ಡ್ ಹಾಕಬೇಡಿ. ಪರಿಚಯ ಮಾಡಿಕೊಳ್ಳುವಾಗ ಸರ್ಟಿಫಿಕೇಟಿನಲ್ಲಿ ಇರುವ ಹೆಸರನ್ನೇ ಹೇಳಿ, ಡಾಕ್ಟರ್ ಅಂತಲೋ ಥೆರಪಿಸ್ಟ್ ಅಂತಲೋ ಕರೆದರೆ ತಿದ್ದಿ. ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಿದ್ದೀರಿ ಅನ್ನುವುದನ್ನು ಮಗುವಿನ ಮನೆಯವರಿಗೆ ಮೊದಲ ದಿನವೇ ಬರೆದುಕೊಡಿ.